ನಾಲಗೆಯ ಮೇಲಣ ಬಿಳುಪು

ನಮ್ಮ ಕಡೆಯವರಿಗೂ ಖಾರಕ್ಕೂ ಇರುವ ನಂಟನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಗದಗ-ಬೆಟಗೇರಿಯಲ್ಲಿ ಹೊತ್ತು ಇಳಿಯಿತೆಂದರೆ ಮಿರ್ಚಿ-ಗಿರಮಿಟ್ಟಿನ ಅಂಗಡಿಗಳ ಮುಂದೆ ನಿಲ್ಲಲು ಜಾಗವಿರುವುದಿಲ್ಲ. ಮಾಸ್ತರಿಕೆಯ ನೆವದಿಂದ ನಾನು ಮುಂಡರಗಿಯಲ್ಲಿ ಕೆಲವು ವರ್ಷ, ಶಿರಹಟ್ಟಿಯಲ್ಲಿ ಕೆಲವು ವರ್ಷ, ಲಕ್ಷ್ಮೇಶ್ವರದಲ್ಲಿ ಇನ್ನಷ್ಟು ವರ್ಷ ಕಳೆದು, ಕೊನೆಗೆ ಗದಗಿಗೆ ಬಂದು ನೆಲೆ ನಿಂತವನು. ಈ ನಾಲ್ಕೂ ಊರುಗಳಲ್ಲಿ ಎಷ್ಟೋ ಮನೆಗಳ ರೊಟ್ಟಿ ತಿಂದಿದ್ದೇನೆ. ಕೆಂಪು ಚಟ್ನಿಯಾಗಲಿ, ರಂಜಕವಾಗಲಿ, ಶೇಂಗಾ ಹಿಂಡಿಯಾಗಲಿ ಮಗ್ಗುಲಿಗಿಲ್ಲದೆ ರೊಟ್ಟಿ ಬಡಿಸಿದ ಮನೆಯನ್ನು ಕಂಡಿಲ್ಲ. ಹೀಗಿರಲಾಗಿ, ದುಡಿಯುವ ವಯಸ್ಸಿನ ಒಬ್ಬ ಮನುಷ್ಯ ಒಂದು ದಿನ ಚಟ್ನಿಯನ್ನು ತಾಟಿನ ಅಂಚಿಗೆ ಸರಿಸಿ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗತೊಡಗಿದನೆಂದರೆ, ಅದು ಮನೆಯವರ ಕಣ್ಣಿಗೂ ನೆರೆಯವರ ಕಣ್ಣಿಗೂ ಬೀಳದೆ ಹೋಗುವುದಿಲ್ಲ.

ಇಂಥ ಒಬ್ಬನನ್ನು ನಾನು ಮೊದಲು ಗಮನಿಸಿದ್ದು 1998ರ ಮಳೆಗಾಲದಲ್ಲಿ. ಗದಗಿನ ಒಂದು ಚಿಕ್ಕ ಮುದ್ರಣಾಲಯದಲ್ಲಿ ಆತ ಮೊಳೆ ಜೋಡಿಸುತ್ತಿದ್ದ. ಆಫ್‌ಸೆಟ್ ಬಂದು ಊರೆಲ್ಲ ಹಬ್ಬಿದ್ದರೂ ಮದುವೆಯ ಕರೆಯೋಲೆ, ಜಾತ್ರೆಯ ಹಸ್ತಪತ್ರ, ಶಾಲೆಯ ಪ್ರಶ್ನೆಪತ್ರಿಕೆಗಳಿಗೆ ಆಗಿನ್ನೂ ಸೀಸದ ಮೊಳೆಗಳೇ ನಡೆಯುತ್ತಿದ್ದವು. ನಮ್ಮ ಶಾಲೆಯ ಕೆಲಸವೂ ಅಲ್ಲಿಗೇ ಹೋಗುತ್ತಿದ್ದುದರಿಂದ ಕರಡಚ್ಚು ತಿದ್ದುವ ನೆವದಲ್ಲಿ ನಮ್ಮಿಬ್ಬರಿಗೂ ಸ್ನೇಹ ಬೆಳೆದಿತ್ತು. ನಾನು ಬಿಟ್ಟ ತಪ್ಪುಗಳನ್ನು ಸದ್ದಿಲ್ಲದೆ ತಿದ್ದಿಬಿಡುವಷ್ಟು ಕನ್ನಡ ಬಲ್ಲವನಾಗಿದ್ದ. ಆ ದಿನ ಚಹಾದಂಗಡಿಯಲ್ಲಿ ಬಿಸಿ ಮಿರ್ಚಿಯ ತಟ್ಟೆಯನ್ನು ಆತನ ಕಡೆಗೆ ಸರಿಸಿದೆ. ಆತ ಕೈ ಅಡ್ಡ ಹಿಡಿದ.

"ಖಾರ ಬ್ಯಾಡ್ರಿ ಮಾಸ್ತರ. ಬಾಯಾಗ ಬೆಂಕಿ ಬಿದ್ದಂಗ ಆಗೈತಿ. ನಾಲಿಗಿ ಮ್ಯಾಲ ಬೆಳ್ಳಗ ಅಗ್ರ ಕಟ್ಟೈತಿ, ಎಷ್ಟ್ ತಿಕ್ಕಿದ್ರೂ ಹೋಗವಲ್ದು."

"ಉಷ್ಣ ಆಗಿರಬೇಕು" ಎಂದೆ. ಗುಲ್ಕಂದ ತಿನ್ನಲು ಹೇಳಿದೆ. ಬಿಳಿಗಾರ ಅರಳಿಸಿ ಜೇನಿನಲ್ಲಿ ಕಲಸಿ ಹಚ್ಚಿಕೊಳ್ಳಲೂ ಹೇಳಿದೆ. ಗೊತ್ತಿಲ್ಲದುದನ್ನು ಧೈರ್ಯವಾಗಿ ಹೇಳುವುದು ನನ್ನ ವೃತ್ತಿಯ ಹಳೆಯ ಜಾಡ್ಯ.

ಅಗ್ರವೆಂಬ ಮಾತು ನಮ್ಮಲ್ಲಿ ಬಹಳ ಹಿಂದಿನದು. ಜ್ವರ ಬಂದು ಇಳಿದವರ ನಾಲಗೆಯ ಮೇಲೆ ಕಟ್ಟುವ ಪೊರೆಗೂ ಅದೇ ಹೆಸರು, ಮೊಲೆಯುಣ್ಣುವ ಕೂಸಿನ ಬಾಯಲ್ಲಿ ಒಡೆದ ಹಾಲಿನ ಗರಣೆಗಳಂತೆ ಅಂಟಿಕೊಳ್ಳುವ ಬಿಳಿಯ ಮಚ್ಚೆಗಳಿಗೂ ಅದೇ ಹೆಸರು. ಎರಡೂ ಒಂದೇ ಅಲ್ಲವೆಂಬುದನ್ನು ನಾನು ಮುಂದೆ ಓದಿ ತಿಳಿದೆ. ಮೊದಲನೆಯದು ಸಾಮಾನ್ಯವಾಗಿ ನಾಲಗೆಯ ಮೈಮೇಲೆ ಕೂತ ಕೊಳೆ. ಎರಡನೆಯದು ಜೀವವಿರುವ ಬೆಳೆ. ಅದನ್ನು ಒರೆಸಿ ತೆಗೆದರೆ ಅಡಿಯಲ್ಲಿ ಕೆಂಪಗಿನ, ಕೆಲವೊಮ್ಮೆ ರಕ್ತ ಜಿನುಗುವ ಚರ್ಮ ಕಾಣುತ್ತದೆ. ನಮ್ಮ ಅಜ್ಜಿಯರು ಬೆರಳಿಗೆ ಮೆತ್ತನೆಯ ಬಟ್ಟೆ ಸುತ್ತಿ, ಜೇನು-ಬಿಳಿಗಾರದಲ್ಲಿ ಅದ್ದಿ, ಕೂಸಿನ ಬಾಯಿ ಸವರುತ್ತಿದ್ದರು. ಇಂದಿನ ಮಕ್ಕಳ ವೈದ್ಯರು ಕೇಳಿದರೆ ಹೌಹಾರುತ್ತಾರೆ. ಬಿಳಿಗಾರ ಹೊಟ್ಟೆಗೆ ಹೋದರೆ ವಿಷ, ವರ್ಷ ತುಂಬದ ಮಗುವಿಗೆ ಜೇನೂ ಸಲ್ಲದು. ಆದರೆ ಆಗಿನ ಸರಕಾರಿ ದವಾಖಾನೆಗಳಲ್ಲಾದರೂ ಇದ್ದುದೇನು? ಕಂಪೌಂಡರನು ಹತ್ತಿಯಲ್ಲಿ ಅದ್ದಿ ಬಳಿಯುತ್ತಿದ್ದ ನೀಲಿ ಔಷಧ. ಅದನ್ನು ಹಚ್ಚಿಸಿಕೊಂಡ ಕೂಸು ನೇರಳೆಹಣ್ಣು ತಿಂದಂತೆ ಬಾಯಿ ಮಾಡಿಕೊಂಡು ಮನೆಗೆ ಬರುತ್ತಿತ್ತು.

ವೈದ್ಯನಾದವನು ರೋಗಿಯ ನಾಲಗೆ ನೋಡುವುದು ಎಲ್ಲ ನಾಡುಗಳಲ್ಲೂ ಇದ್ದ ಪದ್ಧತಿ. ನಮ್ಮ ಆಯುರ್ವೇದದ ಅಷ್ಟವಿಧ ಪರೀಕ್ಷೆಯಲ್ಲಿ ನಾಡಿಯ ಜೊತೆಗೆ ಜಿಹ್ವೆಗೂ ಸ್ಥಾನವಿದೆ. ಗ್ರೀಸಿನ ಹಿಪಾಕ್ರಟೀಸನ ಕಾಲದ ಗ್ರಂಥಗಳಲ್ಲಿಯೂ ಕೃಶರಾದವರ ಬಾಯಲ್ಲಿ ಏಳುವ ಇಂಥ ಹುಣ್ಣುಗಳ ಪ್ರಸ್ತಾಪವಿದೆಯಂತೆ. ಆದರೆ ಆ ಬಿಳುಪು ಏನೆಂಬುದು ತಿಳಿಯಲು ಸೂಕ್ಷ್ಮದರ್ಶಕ ಬರಬೇಕಾಯಿತು. 1839ರಲ್ಲಿ ಜರ್ಮನಿಯ ಲಾಂಗೆನ್‌ಬೆಕ್ ಎಂಬ ವೈದ್ಯ, ಟೈಫಸ್ ಜ್ವರದ ರೋಗಿಯೊಬ್ಬನಲ್ಲಿ ಇದನ್ನು ಕಂಡು, ಇದೊಂದು ಬೂಷ್ಟು ಎಂದು ವರ್ಣಿಸಿದ. ಮುಂದಿನ ಕೆಲವೇ ವರ್ಷಗಳಲ್ಲಿ ಪ್ಯಾರಿಸಿನಲ್ಲಿ ಗ್ರೂಬಿ, ಸ್ಟಾಕ್‌ಹೋಮಿನ ಅನಾಥ ಶಿಶುಗಳ ಆಲಯದಲ್ಲಿ ಬರ್ಗ್, ಕೂಸುಗಳ ಬಾಯಲ್ಲಿಯೂ ಅದೇ ಬೂಷ್ಟನ್ನು ಕಂಡರು. 1853ರಲ್ಲಿ ಫ್ರಾನ್ಸಿನ ರಾಬಿನ್ ಅದಕ್ಕೆ ಆಲ್ಬಿಕಾನ್ಸ್ ಎಂಬ ಹೆಸರು ಕೊಟ್ಟ. ಬೆಳ್ಳಗಾಗುತ್ತಿರುವುದು ಎಂದು ಅದರರ್ಥ. 1923ರಲ್ಲಿ ಹಾಲೆಂಡಿನ ಕ್ರಿಸ್ಟೀನ್ ಬರ್ಕ್‌ಹೌಟ್ ಎಂಬ ಮಹಿಳೆ ಈ ಕುಲಕ್ಕೆ ಕ್ಯಾಂಡಿಡಾ ಎಂದು ಹೆಸರಿಟ್ಟಳು. ಅದೂ ಬಿಳುಪಿನ ಮಾತೇ. ಪ್ರಾಚೀನ ರೋಮಿನಲ್ಲಿ ಅಧಿಕಾರಕ್ಕೆ ನಿಂತವರು ಸೀಮೆಸುಣ್ಣ ತೀಡಿ ಬೆಳ್ಳಗೆ ಮಾಡಿದ ನಿಲುವಂಗಿ ತೊಟ್ಟು ಜನರ ಮುಂದೆ ಬರುತ್ತಿದ್ದರು. ಚುನಾವಣೆಯ 'ಕ್ಯಾಂಡಿಡೇಟ್' ಹುಟ್ಟಿದ್ದು ಆ ಬಿಳಿಯ ಬಟ್ಟೆಯಿಂದಲೇ. ಬಿಳಿಯ ಖಾದಿ ನಮ್ಮಲ್ಲಿಯೂ ಆ ಕೆಲಸವನ್ನು ಚೆನ್ನಾಗಿಯೇ ನಡೆಸಿಕೊಂಡು ಬಂದಿರುವುದರಿಂದ ಈ ನಾಮಕರಣ ನನಗೆ ಬಲು ಹಿಡಿಸಿತು.

ಇರಲಿ. ಈ ಕ್ಯಾಂಡಿಡಾ ಎಂಬುದು ಯೀಸ್ಟ್ ಜಾತಿಗೆ ಸೇರಿದ್ದು. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿಗೆ ದೂರದ ದಾಯಾದಿ. ಇದು ಹೊರಗಿನಿಂದ ನುಗ್ಗಿ ಬರುವ ಶತ್ರುವಲ್ಲ. ಆರೋಗ್ಯವಾಗಿರುವ ಹತ್ತು ಜನರ ಬಾಯಿ ಒರೆಸಿ ಪರೀಕ್ಷಿಸಿದರೆ ಮೂರು ನಾಲ್ಕು ಜನರ ಬಾಯಲ್ಲಿಯಾದರೂ ಇದು ಸಿಕ್ಕೀತು. ನನ್ನ ಬಾಯಲ್ಲೂ ಇರಬಹುದು, ತಮ್ಮ ಬಾಯಲ್ಲೂ ಇರಬಹುದು. ಮನೆಯ ಹಿತ್ತಲಲ್ಲಿ ಬಿಡಾರ ಹೂಡಿದ ಬಡಪಾಯಿಯ ಹಾಗೆ, ತನ್ನ ಪಾಡಿಗೆ ತಾನು ಉಳಿದ ಅನ್ನ ತಿಂದುಕೊಂಡು ಇರುತ್ತದೆ. ಇದನ್ನು ವೈದ್ಯರು ನೆಲಸುವಿಕೆ ಎನ್ನುತ್ತಾರೆಯೇ ಹೊರತು ರೋಗವೆನ್ನುವುದಿಲ್ಲ. ಮನೆಯ ಯಜಮಾನನ ಕೈ ಸೋತಾಗ ಮಾತ್ರ ಅದು ಪಡಸಾಲೆಗೆ ಬರುತ್ತದೆ. ಎಳೆಗೂಸು, ಮುಪ್ಪಿನವರು, ಸಕ್ಕರೆ ಕಾಯಿಲೆಯವರು, ಬಹಳ ದಿನ ಆಂಟಿಬಯಾಟಿಕ್ ನುಂಗಿದವರು, ಕೃತಕ ದಂತಪಂಕ್ತಿಯನ್ನು ರಾತ್ರಿಯೂ ತೆಗೆಯದವರು, ಇವರಲ್ಲಿ ಅದು ತಲೆಯೆತ್ತುವುದುಂಟು. ಕಳೆದ ಶತಮಾನಕ್ಕೂ ಹಿಂದೆಯೇ ಫ್ರೆಂಚ್ ವೈದ್ಯ ಟ್ರೂಸೋ, ಬಾಯಿಯ ಈ ಬಿಳುಪು ಒಳಗಿನ ದೇಹ ಕುಸಿದುದರ ಗುರುತೆಂದು ಹೇಳಿದ್ದ. ಈ ಕಾರಣಗಳೊಂದೂ ಇಲ್ಲದ ನಡುಹರೆಯದ ಮನುಷ್ಯನಲ್ಲಿ ಅದು ಕಂಡರೆ, ಒಳಗೆ ಯಾವುದೋ ಗೋಡೆ ಬಿದ್ದಿದೆಯೆಂದು ತಿಳಿಯಬೇಕು.

ಅದಕ್ಕೆ ಔಷಧ ಕಂಡುಹಿಡಿದ ಕಥೆಯೊಂದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1940ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಎಲಿಜಬೆತ್ ಹೇಜನ್, ರೇಚೆಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರಿದ್ದರು. ಒಬ್ಬಳು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬಳು ಆಲ್ಬನಿಯಲ್ಲಿ. ಹೇಜನ್ ಮಣ್ಣಿನಲ್ಲಿಯ ಜೀವಾಣುಗಳನ್ನು ಬೆಳೆಸಿ, ಗಾಜಿನ ಭರಣಿಗಳಲ್ಲಿ ತುಂಬಿ ಅಂಚೆಯಲ್ಲಿ ಕಳಿಸುವಳು. ಬ್ರೌನ್ ಅದರಿಂದ ರಾಸಾಯನಿಕವನ್ನು ಬೇರ್ಪಡಿಸಿ ಅದೇ ಅಂಚೆಯಲ್ಲಿ ಮರಳಿಸುವಳು. ವರ್ಜೀನಿಯಾದಲ್ಲಿದ್ದ ಪರಿಚಿತರ ಹೊಲದ ಮಣ್ಣಿನಲ್ಲಿ ಕೊನೆಗೂ ಬೇಕಾದುದು ಸಿಕ್ಕಿತು. 1950ರಲ್ಲಿ ಪ್ರಕಟಪಡಿಸಿದರು. ತಮ್ಮ ಸರಕಾರದ ಹೆಸರನ್ನೇ ಹಿಡಿದು ನಿಸ್ಟಾಟಿನ್ ಎಂದು ಕರೆದರು. ಗೌರವಧನವಾಗಿ ಬಂದ ಒಂದು ಕೋಟಿ ಮೂವತ್ತು ಲಕ್ಷ ಡಾಲರುಗಳಿಗೂ ಮಿಕ್ಕ ಹಣವನ್ನು ಇಬ್ಬರೂ ಮುಟ್ಟದೆ ವಿಜ್ಞಾನ ಸಂಶೋಧನೆಗೆ ಬಿಟ್ಟುಕೊಟ್ಟರು. ಸರಕಾರಿ ನೌಕರರ ಕಥೆಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕೇಳಿಲ್ಲ.

ನಿಸ್ಟಾಟಿನ್ ಬಂದ ಮೇಲೆ ಬಾಯಿಯ ಬಿಳುಪು ವೈದ್ಯಕೀಯದ ಮೂಲೆಯ ವಿಷಯವಾಯಿತು. ಅದು ಮತ್ತೆ ನಡುಮನೆಗೆ ಬಂದುದು 1981ರಲ್ಲಿ. ಆ ವರ್ಷದ ಜೂನ್ 5ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ವಾರಪತ್ರದಲ್ಲಿ ಲಾಸ್ ಏಂಜಲೀಸಿನ ಐವರು ಯುವಕರ ಬಗ್ಗೆ ಒಂದು ಚಿಕ್ಕ ವರದಿ ಬಂತು. ಐವರಿಗೂ ಅಪರೂಪದ ಒಂದು ನ್ಯುಮೋನಿಯಾ. ಏಡ್ಸ್ ಎಂದು ಮುಂದೆ ಹೆಸರಾದ ರೋಗದ ಇತಿಹಾಸ ಬರೆಯುವವರೆಲ್ಲ ಆ ವರದಿಯಿಂದ ತೊಡಗುತ್ತಾರೆ, ನ್ಯುಮೋನಿಯಾದ ಮಾತನ್ನು ತಪ್ಪದೆ ಹೇಳುತ್ತಾರೆ. ಆ ಐವರಿಗೂ ಕ್ಯಾಂಡಿಡಾದ ಸೋಂಕೂ ಇತ್ತೆಂದು ಅದೇ ವರದಿಯಲ್ಲಿ ಬರೆದಿರುವುದನ್ನು ನೆನೆಯುವವರು ಕಡಿಮೆ.

ನಾಲ್ಕು ವರ್ಷದ ಮೇಲೆ, 1985ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯವರು ಮಧ್ಯ ಆಫ್ರಿಕದ ಬಾಂಗಿ ನಗರದಲ್ಲಿ ಸೇರಿದರು. ರಕ್ತಪರೀಕ್ಷೆಯ ಸೌಕರ್ಯವೇ ಇಲ್ಲದ ಊರುಗಳಲ್ಲಿ ಈ ರೋಗವನ್ನು ಗುರುತಿಸುವುದು ಹೇಗೆಂಬುದು ಅವರ ಮುಂದಿದ್ದ ಪ್ರಶ್ನೆ. ಮೈ ಇಳಿಯುವುದು, ತಿಂಗಳುಗಟ್ಟಲೆ ಭೇದಿ, ತಿಂಗಳುಗಟ್ಟಲೆ ಜ್ವರ ಇವು ದೊಡ್ಡ ಲಕ್ಷಣಗಳೆಂದರು. ಬಿಡದ ಕೆಮ್ಮು, ಮೈಯ ತುರಿಕೆ, ಸರ್ಪಸುತ್ತು ಮುಂತಾದವು ಚಿಕ್ಕ ಲಕ್ಷಣಗಳೆಂದರು. ಆ ಚಿಕ್ಕ ಲಕ್ಷಣಗಳ ಪಟ್ಟಿಯಲ್ಲಿ ಬಾಯಿ-ಗಂಟಲಿನ ಈ ಬಿಳುಪೂ ಸೇರಿತು. ಯಂತ್ರ ಬೇಡ, ಸೂಜಿ ಬೇಡ. ಒಂದು ಬ್ಯಾಟರಿ, ಒಂದು ಮರದ ಚಕ್ಕೆ, ನೋಡಬಲ್ಲ ಕಣ್ಣು ಸಾಕು. ಗದಗ ಸೀಮೆಯಂಥ ಊರುಗಳ ಮಟ್ಟಿಗೆ ಹೇಳುವುದಾದರೆ, ರಕ್ತದ ಲೆಕ್ಕ ತಿಳಿಸುವ ಯಂತ್ರಗಳು ಬರುವ ಮೊದಲು ಈ ರೋಗದ ಚರಿತ್ರೆ ಬರೆದದ್ದು ಬಾಯಲ್ಲಿಯೇ.

ಅದಕ್ಕೆ ಕಾರಣವನ್ನು ಈಗ ಚೆನ್ನಾಗಿ ಬಲ್ಲರು. ಎಚ್.ಐ.ವಿ. ವೈರಾಣು ತಿಂದುಹಾಕುವ ಸಿ.ಡಿ.4 ಎಂಬ ರಕ್ತಕಣಗಳಲ್ಲಿ ಒಂದು ಪಂಗಡದ ಕೆಲಸವೇ ಬಾಯಿ-ಗಂಟಲಿನ ಒಳಚರ್ಮದ ಮೇಲೆ ಇಂಥ ಬೂಷ್ಟನ್ನು ಕಾಯುವುದು. ಕಾವಲಿನವರು ಬಿದ್ದರೆ ಹಿತ್ತಲಲ್ಲಿದ್ದವನು ಒಳಗೆ ಬರುವುದು ತಪ್ಪದು. ಒಂದು ಘನ ಮಿಲಿಮೀಟರು ರಕ್ತದಲ್ಲಿ ಆ ಕಣಗಳು ಐನೂರಕ್ಕೂ ಮೇಲಿರಬೇಕಾದಲ್ಲಿ ಇನ್ನೂರಕ್ಕೆ ಇಳಿಯಿತೆಂದರೆ ನಾಲಗೆ ಅದನ್ನು ಹೇಳಿಬಿಡುತ್ತದೆ. ಬಿಳುಪು ಗಂಟಲಿನಿಂದ ಅನ್ನನಾಳಕ್ಕೆ ಇಳಿದರೆ ನೀರು ನುಂಗಿದರೂ ಎದೆಯಲ್ಲಿ ಕೊಳ್ಳಿ ಇಟ್ಟಂತಾಗುತ್ತದೆ. ಆಗ ಮನುಷ್ಯ ಹಸಿವೆಯಿದ್ದೂ ಉಣ್ಣಲಾರ. ರೋಗದಿಂದ ಸೊರಗಿದನೆಂದು ನಾವು ಹೇಳುವಲ್ಲಿ ಎಷ್ಟೋ ಜನ ನಿಜವಾಗಿ ಉಪವಾಸದಿಂದ ಸೊರಗಿದರು.

ನಮ್ಮ ದೇಶದಲ್ಲಿ ಈ ವೈರಾಣುವನ್ನು ಮೊದಲು ಗುರುತಿಸಿದುದು 1986ರಲ್ಲಿ, ಮದ್ರಾಸಿನಲ್ಲಿ. ಅಲ್ಲಿಯ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸೋಲೋಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು. ಹತ್ತು-ಹನ್ನೆರಡು ವರ್ಷಗಳಲ್ಲಿ ಕರ್ನಾಟಕವು ಹೆಚ್ಚು ಸೋಂಕಿರುವ ಆರು ರಾಜ್ಯಗಳಲ್ಲಿ ಒಂದಾಗಿ, ಅದರಲ್ಲಿಯೂ ಉತ್ತರದ ಜಿಲ್ಲೆಗಳು ವಿಶೇಷವಾಗಿ ನೊಂದವು. ಮುಂಡರಗಿ, ಶಿರಹಟ್ಟಿಗಳ ಮಳೆಯಾಧಾರಿತ ಹೊಲಗಳನ್ನು ಬಲ್ಲವರಿಗೆ ಇಲ್ಲಿಂದ ಜನ ಗುಳೆ ಹೋಗುವುದೇಕೆಂಬುದನ್ನು ವಿವರಿಸಬೇಕಿಲ್ಲ. ಗೋವಾಕ್ಕೆ ಹೋದರು, ಮುಂಬಯಿಗೆ ಹೋದರು, ದುಡಿದು ತಂದರು. ದುಡ್ಡಿನ ಜೊತೆಗೆ ಕೆಲವರು ಇದನ್ನೂ ತಂದರು. ಊರು ಬಿಟ್ಟು ಹೋಗದ ಹೆಂಗಸರು ಮನೆಯಲ್ಲಿಯೇ ಇದನ್ನು ಪಡೆದರು.

ದವಾಖಾನೆಗಳ ಮಾತಿಗೆ ಬಂದರೆ ಈ ಸೀಮೆ ತೀರ ಬಡದಲ್ಲ. ಬಾಸೆಲ್ ಮಿಷನ್ನಿನವರು 1841ರಲ್ಲಿಯೇ ಬೆಟಗೇರಿಗೆ ಬಂದವರು. ಅವರ ಆಸ್ಪತ್ರೆಯನ್ನು ಹಳಬರು ಇಂದಿಗೂ ಜರ್ಮನ್ ದವಾಖಾನೆ ಎನ್ನುತ್ತಾರೆ. 1948ರವರೆಗೆ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಮುಂಡರಗಿ, ಗದಗಗಳು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಒಂದು ಹಗಲಿನ ಚಕ್ಕಡಿಯ ದಾರಿಯಲ್ಲಿ ಮೂರು ಸರಕಾರಗಳು! ಸಂಸ್ಥಾನಗಳು ಹೋದವು, ಆದರೆ ದೊಡ್ಡ ಬೇನೆ ಬಂದರೆ 'ಮೀರಜಿಗೆ ಒಯ್ಯಿರಿ' ಎನ್ನುವ ಮಾತು ಹೋಗಲಿಲ್ಲ. 1894ರಲ್ಲಿ ವಾನ್ಲೆಸ್ ಎಂಬ ವೈದ್ಯ ಅಲ್ಲಿ ತೆರೆದ ಮಿಷನ್ ಆಸ್ಪತ್ರೆಯ ಹೆಸರು ಅಷ್ಟು ದೊಡ್ಡದು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜಾದ ಮೇಲೆ ಜನ ಅತ್ತ ತಿರುಗಿದರು. ಈ ರೋಗದವರು ಮಾತ್ರ, ನಾನು ಕಂಡ ಮಟ್ಟಿಗೆ, ಯಾವ ದವಾಖಾನೆ ಒಳ್ಳೆಯದೆಂದು ನೋಡಿ ಹೋಗುತ್ತಿರಲಿಲ್ಲ. ಯಾವ ಊರಿನಲ್ಲಿ ಗುರುತಿನವರು ಸಿಗಲಾರರೆಂದು ನೋಡಿ ಹೋಗುತ್ತಿದ್ದರು. ಶಿರಹಟ್ಟಿಯವರು ಗದಗನ್ನು ದಾಟಿಕೊಂಡು ಮುಂದಿನ ಊರಿಗೆ ಹೋಗುವರು, ಗದಗಿನವರು ಹುಬ್ಬಳ್ಳಿಗೆ ಹೋಗುವರು, ಹುಬ್ಬಳ್ಳಿಯವರು ಇನ್ನೆಲ್ಲಿಗೋ.

ನನ್ನ ಸ್ನೇಹಿತನೂ ಹುಬ್ಬಳ್ಳಿಗೇ ಹೋದ. ನನ್ನ ಗುಲ್ಕಂದದಿಂದ ಗುಣವಾಗಲಿಲ್ಲವೆಂದು ಹೇಳಬೇಕಾದ್ದೇನು? ಊರಿನ ಒಬ್ಬ ವೈದ್ಯರು ಬಿ-ಕಾಂಪ್ಲೆಕ್ಸ್ ಮಾತ್ರೆ ಕೊಟ್ಟರು, ಇನ್ನೊಬ್ಬರು ತಂಬಾಕು ಬಿಡೆಂದರು. ಆತ ತಂಬಾಕನ್ನು ಮುಟ್ಟಿದವನೇ ಅಲ್ಲ. ಹುಬ್ಬಳ್ಳಿಯಲ್ಲಿ ಒಬ್ಬ ತರುಣ ವೈದ್ಯ ಬಾಯಿ ತೆರೆಸಿ ಬ್ಯಾಟರಿ ಹಾಕಿ ನೋಡಿ, ಹೆಚ್ಚೇನೂ ಮಾತಾಡದೆ ರಕ್ತಪರೀಕ್ಷೆಗೆ ಬರೆದುಕೊಟ್ಟನಂತೆ. 1999ರ ಬೇಸಗೆಯಲ್ಲಿ ಒಂದು ಸಂಜೆ ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ, ಯಂತ್ರದ ಸದ್ದು ನಿಂತ ಮೇಲೆ, ಇದನ್ನೆಲ್ಲ ನನಗೆ ಹೇಳಿದ.

"ನಿಮಗಷ್ಟ ಹೇಳೀನ್ರಿ ಮಾಸ್ತರ. ಮನ್ಯಾಗ ಸೈತ ಹೇಳಿಲ್ಲ."

ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಆ ರಾತ್ರಿಯೇ ನನ್ನ ಹೆಂಡತಿಗೆ ಹೇಳಿದೆ.

ಹೆಂಡತಿಗೆ ಹೇಳುವುದು ಹೇಳಿದಂತೆಯೇ ಅಲ್ಲವೆಂದು ಸಂಸಾರಸ್ಥರು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಮುಂದಿನ ವಾರ ಆತ ಕರಡಚ್ಚು ಹಿಡಿದು ಮನೆಗೆ ಬಂದ. ಎಂದಿನಂತೆ ಚಹಾ ಬಂತು. ಆದರೆ ನಮ್ಮ ಕಪ್ಪು-ಬಸಿಗಳಲ್ಲಲ್ಲ. ಅಟ್ಟದಿಂದ ಇಳಿಸಿದ ಒಂದು ಹಳೆಯ ಗಾಜಿನ ಲೋಟದಲ್ಲಿ ಬಂತು. ಆತ ಹೋದ ಮೇಲೆ ಆ ಲೋಟ ಹಿತ್ತಲ ಗೂಡಿಗೆ ಹೋಯಿತು, ಒಳಗೆ ಬರಲಿಲ್ಲ. ಒಂದೇ ಲೋಟದಲ್ಲಿ ಕುಡಿದರೂ ಒಂದೇ ತಾಟಿನಲ್ಲಿ ಉಂಡರೂ ಈ ರೋಗ ಅಂಟದೆಂದು ನಾನೇ ನಮ್ಮ ಶಾಲೆಯ ಗೋಡೆಗೆ ಸರಕಾರದ ಭಿತ್ತಿಪತ್ರ ಹಚ್ಚಿಸಿದ್ದೆ. ಮಕ್ಕಳಿಗೆ ಅದರ ಮೇಲೆ ಪ್ರಬಂಧ ಬರೆಸಿದ್ದೆ. ಲೋಟವನ್ನು ಕಂಡೂ ಸುಮ್ಮನಿದ್ದೆ. ಹೆಂಡತಿಯನ್ನು ದೂರಲಾರೆ, ಅವಳಿಗೆ ಭಯವಿತ್ತು, ನನಗೆ ತಿಳಿವಳಿಕೆಯಿತ್ತು. ಮರುಸಲ ಆತ ಬಂದಾಗ ಜಗಲಿಯ ಮೇಲೇ ನಿಂತು ಕಾಗದ ಕೊಟ್ಟ. ಚಹಾ ತಗೋ ಎಂದೆ. "ಚಾ ಬಿಟ್ಟೇನ್ರಿ" ಎಂದ. ಅಷ್ಟು ವರ್ಷ ತಪ್ಪುಗಳನ್ನು ಹುಡುಕಿ ಹುಡುಕಿ ತೆಗೆದ ಕಣ್ಣು ಅದು.

2017ರಲ್ಲಿ ನಮ್ಮ ಸಂಸತ್ತು ಎಚ್.ಐ.ವಿ. ಕುರಿತು ಕಾನೂನೊಂದನ್ನು ಮಾಡಿತು. ಅದು 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ನಂಬಿ ಹೇಳಿದವನ ವಿಷಯವನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದು, ಕೆಲಸದಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಭೇದ ಮಾಡಬಾರದು ಎಂದು ಅದರಲ್ಲಿದೆ. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ಹಿತ್ತಲ ಗೂಡನ್ನು ಒಮ್ಮೆ ನೋಡಿ ಬಂದೆ.

ಆತನ ಬಾಯಿಯನ್ನು ಆಗ ಕಾಪಾಡಿದ್ದು ಫ್ಲೂಕೊನಾಜೋಲ್ ಎಂಬ ಮಾತ್ರೆ. ಇಂಗ್ಲೆಂಡಿನಲ್ಲಿ ಫೈಜರ್ ಕಂಪನಿಯ ರಸಾಯನಶಾಸ್ತ್ರಜ್ಞರು ಕಂಡುಹಿಡಿದು, 1990ರ ಸುಮಾರಿಗೆ ಬಳಕೆಗೆ ಬಂದ ಔಷಧವಿದು. ನುಂಗಿದರೆ ವಾರದೊಳಗೆ ನಾಲಗೆ ಕೆಂಪಗಾಗುತ್ತದೆ. ನಮ್ಮ 1970ರ ಪೇಟೆಂಟ್ ಕಾಯಿದೆ ಔಷಧವಸ್ತುವಿನ ಮೇಲೆಯೇ ಏಕಸ್ವಾಮ್ಯ ಕೊಡುತ್ತಿರಲಿಲ್ಲವಾದ್ದರಿಂದ ಇಲ್ಲಿಯ ಕಂಪನಿಗಳು ಅದನ್ನು ಬೇರೆ ವಿಧಾನದಿಂದ ತಯಾರಿಸಿ ಅಗ್ಗವಾಗಿ ಮಾರಬಹುದಾಗಿತ್ತು. ಗದಗಿನ ಔಷಧದಂಗಡಿಯಲ್ಲಿ ಮೊಳೆ ಜೋಡಿಸುವವನ ಪಗಾರಕ್ಕೂ ಅದು ದಕ್ಕಿತು. ಇದರ ಬೆಲೆ ನನಗೆ ತಿಳಿದದ್ದು ದಕ್ಷಿಣ ಆಫ್ರಿಕದ ಸುದ್ದಿ ಓದಿದಾಗ. ಅಲ್ಲಿ ಕ್ರಿಸ್ಟೊಫರ್ ಮೊರಾಕಾ ಎಂಬಾತ ಇದೇ ಬಾಯಿ-ಗಂಟಲಿನ ಬೇನೆಯಿಂದ ನರಳುತ್ತ, ಪೇಟೆಂಟಿನ ದರದಿಂದಾಗಿ ಮಾತ್ರೆ ಕೊಳ್ಳಲಾರದೆ, ತನ್ನ ಪಾಡನ್ನು ಪಾರ್ಲಿಮೆಂಟಿನ ಮುಂದೆ ಹೇಳಿಕೊಂಡು, 2000ದ ಜುಲೈನಲ್ಲಿ ತೀರಿಕೊಂಡ. ಅವನ ಒಡನಾಡಿ ಜಾಕಿ ಅಖ್ಮಾತ್ ಅದೇ ವರ್ಷ ಥಾಯ್‌ಲೆಂಡಿಗೆ ಹೋಗಿ, ಎಷ್ಟೋ ಪಟ್ಟು ಅಗ್ಗದ ಅದೇ ಮಾತ್ರೆಗಳನ್ನು ಚೀಲದಲ್ಲಿ ತುಂಬಿಕೊಂಡು, ಕಾನೂನಿಗೆ ಸವಾಲಾಗಿ ಎಲ್ಲರೆದುರು ದೇಶದೊಳಗೆ ತಂದ. ಕಳ್ಳಸಾಗಣೆಯನ್ನು ನಾನು ಮನಸಾರೆ ಮೆಚ್ಚಿಕೊಂಡದ್ದು ಅದೊಂದೇ ಸಲ.

ಆದರೆ ಆ ಮಾತ್ರೆ ಬೂಷ್ಟನ್ನು ಕೊಲ್ಲಬಲ್ಲುದೇ ಹೊರತು ಬಿದ್ದ ಗೋಡೆಯನ್ನು ಕಟ್ಟಲಾರದು. ಮಾತ್ರೆ ನಿಲ್ಲಿಸಿದ ಎರಡು-ಮೂರು ತಿಂಗಳಿಗೆ ಬಿಳುಪು ಮರಳುತ್ತಿತ್ತು. ವೈರಾಣುವನ್ನೇ ಹಿಡಿದು ಕಟ್ಟುವ ಔಷಧಗಳು 1996ರಿಂದ ಲೋಕದಲ್ಲಿದ್ದವು. ಶ್ರೀಮಂತ ದೇಶಗಳಲ್ಲಿ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಬೆಲೆ. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಡಾ. ಯೂಸುಫ್ ಹಮೀದ್ ಅವನ್ನು ವರ್ಷಕ್ಕೆ ಮುನ್ನೂರ ಐವತ್ತು ಡಾಲರಿಗೆ ಕೊಡುವೆನೆಂದು ಸಾರಿದರು. ದಿನಕ್ಕೆ ಒಂದು ಡಾಲರು. ಜಗತ್ತು ಬೆರಗಾಯಿತು. ಗದಗಿನಲ್ಲಿ ಅದೂ ಕೈಗೆಟುಕಲಿಲ್ಲ. ನನ್ನ ಸ್ನೇಹಿತ ಆ ವರ್ಷದ ದೀಪಾವಳಿಯ ಹಿಂದಿನ ವಾರ ತೀರಿಕೊಂಡ. ಕೊನೆಯ ತಿಂಗಳು ಗಂಜಿಯ ತಿಳಿಯೂ ಇಳಿಯುತ್ತಿರಲಿಲ್ಲವೆಂದು ಆಮೇಲೆ ಕೇಳಿದೆ. ನಾನು ನೋಡಲು ಹೋಗಿದ್ದು ಎರಡೇ ಸಲ.

2004ರ ಏಪ್ರಿಲ್ 1ರಂದು ಭಾರತ ಸರಕಾರ ಹೆಚ್ಚು ಸೋಂಕಿದ್ದ ಆರು ರಾಜ್ಯಗಳಲ್ಲಿಯೂ ದೆಹಲಿಯಲ್ಲಿಯೂ ಈ ಔಷಧಗಳನ್ನು ಉಚಿತವಾಗಿ ಕೊಡಲು ಆರಂಭಿಸಿತು. ಬರಬರುತ್ತ ಹುಬ್ಬಳ್ಳಿಗೆ ಬಂತು, ಗದಗಿಗೂ ಬಂತು. 2017ರಿಂದ ರಕ್ತಕಣಗಳ ಲೆಕ್ಕ ಎಷ್ಟೇ ಇರಲಿ, ಸೋಂಕು ತಿಳಿದ ಕೂಡಲೇ ಔಷಧ ಕೊಡುವ ಕ್ರಮ ಬಂತು. ಬಾಯಲ್ಲಿ ಬಿಳುಪು ಕಟ್ಟಿದ ಮೇಲೆ ರೋಗ ತಿಳಿಯುವ ಪ್ರಸಂಗಗಳು ಅದರಿಂದ ಕಡಿಮೆಯಾದವು, ನಿಂತಿಲ್ಲ. ತಡವಾಗಿ ಬರುವವರು ಈಗಲೂ ಆ ಬಾಯಿಯೊಡನೆಯೇ ಬರುತ್ತಾರೆಂದು ವೈದ್ಯರು ಹೇಳುತ್ತಾರೆ.

ಯೀಸ್ಟ್ ಏನೂ ಸುಮ್ಮನೆ ಕೂತಿಲ್ಲ. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಇಂಥ ರೋಗಿಗಳ ಬಾಯಿಯಿಂದಲೇ ಒಂದು ಹೊಸ ಜಾತಿಯನ್ನು ಗುರುತಿಸಿ ಅದಕ್ಕೆ ಆ ಊರಿನ ಹೆಸರಿಟ್ಟರು. ನಮ್ಮ ಹುಬ್ಬಳ್ಳಿಯ ವೈದ್ಯಕೀಯ ಸಂಸ್ಥೆಯ ಸೂಕ್ಷ್ಮಜೀವಿ ವಿಭಾಗದವರು 2008ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಎಚ್.ಐ.ವಿ. ಇರುವವರ ಬಾಯಲ್ಲಿ ಆಲ್ಬಿಕಾನ್ಸ್ ಅಲ್ಲದ ಬೇರೆ ಜಾತಿಗಳನ್ನೂ ಬೇರ್ಪಡಿಸಿ ಗುರುತಿಸಿ, ಯಾವ ಔಷಧ ನಾಟುತ್ತದೆಂದು ಪರೀಕ್ಷಿಸುವುದು ಅಗತ್ಯವೆಂಬುದು ಅದರ ವಿಷಯ. ಕ್ರೂಸೆ ಎಂಬ ಜಾತಿಗೆ ಫ್ಲೂಕೊನಾಜೋಲ್ ಹುಟ್ಟಿನಿಂದಲೇ ನಾಟುವುದಿಲ್ಲ. ಬಿಳುಪು ಕಂಡಲ್ಲೆಲ್ಲ ಅದೇ ಮಾತ್ರೆ ಬರೆದುಕೊಡುವ ಸುಲಭದ ದಾರಿ ಬಹಳ ದಿನ ನಡೆಯಲಾರದೆಂದಾಯಿತು. ಆ ಪ್ರಬಂಧವನ್ನು ಓದುವಾಗ ನನ್ನ ಕಣ್ಣಿಗೆ ಕಟ್ಟಿದ್ದು ಮಾತ್ರ ಬೇರೆ. ಅದರಲ್ಲಿ ಲೆಕ್ಕಕ್ಕೆ ಬಂದ ಒಂದೊಂದು ಬಾಯಿಯೂ ಯಾವುದೋ ಊರಿನ ಬಸ್ಸಿನಲ್ಲಿ, ಗುರುತಿನವರು ಸಿಕ್ಕಾರೆಂಬ ಅಂಜಿಕೆಯಲ್ಲಿ, ಸೆರಗನ್ನೋ ಟವೆಲನ್ನೋ ತುಟಿಗೆ ಒತ್ತಿಕೊಂಡು ಬಂದ ಬಾಯಲ್ಲವೇ?

ಮೊಳೆ ಜೋಡಿಸುವವನ ಹೆಂಡತಿಗೂ ಸೋಂಕಿತ್ತು. ಮಗನಿಗೆ ಇರಲಿಲ್ಲ. ಆಕೆ 2005ರಲ್ಲಿ, ಬಾಯಲ್ಲಿ ಅದೇ ಬಿಳುಪು ಕಟ್ಟಿದ ಮೇಲೆ ಹುಬ್ಬಳ್ಳಿಗೆ ಹೋಗಿ ಮಾತ್ರೆ ಹಿಡಿದಳು. ಒಂದು ಹೊತ್ತೂ ಬಿಟ್ಟಿಲ್ಲ. ಬೆಟಗೇರಿಯ ಒಂದು ಓಣಿಯಲ್ಲಿ ಎರಡು ಕೋಣೆಯ ಮನೆ. ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಆಕೆಯ ಬಾಯಲ್ಲಿ ಈಗಲೂ ಆ ಯೀಸ್ಟ್ ಇದ್ದರೂ ಇದ್ದೀತು, ಇದ್ದರೂ ಬಾಧೆಯಿಲ್ಲ. ಕಾವಲಿನವರು ಮರಳಿ ಬಂದಿದ್ದಾರೆ.

ಕಳೆದ ಚಳಿಗಾಲದಲ್ಲಿ ಮಗನ ನೌಕರಿಯ ಅರ್ಜಿಗೆ ನನ್ನದೊಂದು ಪತ್ರ ಬೇಕಾಗಿ ಹೇಳಿಕಳಿಸಿದ್ದಳು. ಬರೆದುಕೊಂಡು ಹೋದೆ. ಮೂಲೆಯಲ್ಲಿ ಒಲೆ ಉರಿಯುತ್ತಿತ್ತು.

"ಕೂಡ್ರಿ ಮಾಸ್ತರ, ಬಿಸಿ ಅದಾವ, ಎರಡು ರೊಟ್ಟಿ ತಿಂದ ಹೋಗ್ರಿ" ಎಂದಳು.

ತಾನೂ ಎದುರಿಗೆ ತಾಟು ಹಾಕಿಕೊಂಡು ಕುಳಿತಳು. ಹೊಸ ಮೆಣಸಿನಕಾಯಿಯ ರಂಜಕ ತೋಡಿ ಎರಡೂ ತಾಟಿಗೆ ಹಾಕಿದಳು. ನನಗೆ ಈಗ ವಯಸ್ಸಾಗಿದೆ, ಅಷ್ಟು ಖಾರ ತಾಳುವುದಿಲ್ಲ. ಆಕೆ ಬೆರಳ ತುದಿಯಿಂದ ಇನ್ನಷ್ಟು ಹಚ್ಚಿಕೊಂಡು ತಿನ್ನುತ್ತಿದ್ದಳು, ಕಣ್ಣಲ್ಲಿ ನೀರು ಬರುತ್ತಿತ್ತು, ಸೆರಗಿನಿಂದ ಒರೆಸಿಕೊಂಡು ಮತ್ತೆ ತಿನ್ನುತ್ತಿದ್ದಳು. ಊಟವಾದ ಮೇಲೆ ಚಹಾ ಸೋಸಿದಳು. ಮನೆಯಲ್ಲಿದ್ದ ಕಪ್ಪುಗಳು ಎರಡೇ. ಒಂದನ್ನು ನನ್ನ ಮುಂದಿಟ್ಟು, ಇನ್ನೊಂದನ್ನು ತಾನು ತೆಗೆದುಕೊಂಡಳು.